ಟಂಕಾರವಿಲ್ಲದ ಬಿಲ್ಲು

ಕುಮಾರವ್ಯಾಸ ಭಾರತದ ಗಮಕದಲ್ಲಿ ಗಾಂಡೀವದ ಟಂಕಾರ ಕೇಳಿ ಬೆಳೆದ ನನಗೆ, ಮಿಷಿಗನ್ನಿನ ಕಾಡಿನಲ್ಲಿ ಹೆದೆಯ ಸದ್ದೇ ಹಗೆಯಾಯಿತು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನನ್ನ ಹಳೆಯ ಮರದ ಬಿಲ್ಲಿನ ಬಾಣದ್ದು 50ರ ಆಸುಪಾಸು. 20 ಮೀಟರ್ ದೂರದ ಜಿಂಕೆ ಸದ್ದಿಗೆ ಬೆಚ್ಚಿ ಮೈ ಕುಗ್ಗಿಸಿತು. ಬಾಣ ಬೆನ್ನ ಮೇಲೆ ಹಾದುಹೋಯಿತು. ಅದು ತುಸು ತಗ್ಗಿದ್ದರೂ, ನರಳುವ ಜೀವವನ್ನರಸಿ ಇರುಳೆಲ್ಲ ಅಲೆಯಬೇಕಿತ್ತು.

ಬಿಲ್ಲನ್ನಿತ್ತ ನೆರೆಮನೆಯ ಹಿರಿಯರು ಹೆದೆಯ ಎರಡು ಕಡೆ ಉಣ್ಣೆಯ ಕುಚ್ಚು ಕಟ್ಟಲು ಕಲಿಸಿದರು. ಅದು ಕಂಪನವನ್ನು ಹೀರಿಕೊಳ್ಳುತ್ತದೆ. 1969ರಲ್ಲಿ ಮಿಸೌರಿಯ ಅಲೆನ್ ಪೇಟೆಂಟ್ ಪಡೆದ, ರಾಟೆಗಳುಳ್ಳ ಕಾಂಪೌಂಡ್ ಬಿಲ್ಲು ಹಬ್ಬಿದ ಮೇಲೆ ಇಂಥವು ಎಷ್ಟೋ ಗೋಡೆಗೇರಿದವು. ಆ ಹಿರಿಯರೂ ಈಗಿಲ್ಲ. ಅಕ್ಟೋಬರ್ ಬಂದೊಡನೆ ಹೊಸ ಕುಚ್ಚು ಕಟ್ಟಿ, ಹೆದೆ ಮೀಟಿ ಕಿವಿಗೊಡುತ್ತೇನೆ. ವೀರನಿಗೆ ಟಂಕಾರ ಭೂಷಣವಿರಬಹುದು. ಬೇಡನಿಗೆ ನಿಶ್ಶಬ್ದವೇ ಧರ್ಮ.