‘ವಾರಿಸ್’ ಎಂದರೆ ಯಾರು?

‘ವಾರಸುದಾರರಿಲ್ಲದ ವಾಹನಗಳ ಹರಾಜು’ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ನಾವು ಆಗಾಗ ಓದುತ್ತೇವೆ. ಈ ‘ವಾರಸುದಾರ’ ಪದದ ಮೂಲ ಅರಬಿಯ ‘ವಾರಿಸ್’. ಅದಕ್ಕೆ ಪಾರ್ಸಿಯ ‘ದಾರ್’ ಸೇರಿ ಕನ್ನಡಕ್ಕೆ ಬಂದಿದೆ. ಬೀದಿ ಜಗಳದಲ್ಲಿ ಕೇಳುವ ‘ಬೇವರ್ಸಿ’ ಎಂಬ ಬೈಗುಳವೂ ಇದೇ ಮೂಲದ್ದು: ‘ಬೇ ವಾರಿಸ್’, ಅಂದರೆ ಹಿಂದೆ ಮುಂದೆ ಯಾರೂ ಇಲ್ಲದವನು. ಮೀರಾಸ್ ಎಂದರೆ ಮೃತರು ಬಿಟ್ಟುಹೋದ ಸೊತ್ತು. ಅದನ್ನು ಪಡೆಯುವವರು ವಾರಿಸ್.

ಪವಿತ್ರ ಕುರ್‌ಆನ್ ಈ ಪದವನ್ನು ವಿಶಾಲ ಅರ್ಥದಲ್ಲಿಯೂ ಬಳಸಿದೆ. ಎಲ್ಲರೂ ಅಳಿದ ಮೇಲೆ ಉಳಿಯುವ ನಿಜವಾದ ವಾರಿಸ್ ಅಲ್ಲಾಹನೇ ಎಂದು ಸೂರಃ ಅಲ್‌ಹಿಜ್ರ್ (15:23) ನೆನಪಿಸುತ್ತದೆ. ಸತ್ಯವಿಶ್ವಾಸಿಗಳನ್ನು ಫಿರ್ದೌಸ್‌ನ ವಾರೀಸುದಾರರೆಂದು ಸೂರಃ ಅಲ್‌ಮೂಮಿನೂನ್ (23:10-11) ಕರೆಯುತ್ತದೆ. ವಿದ್ವಾಂಸರು ಪ್ರವಾದಿಗಳ ವಾರೀಸುದಾರರು ಎಂಬ ಆಶಯ ಹದೀಸ್‌ನಲ್ಲಿದೆ. ಪ್ರವಾದಿಗಳು ಬಿಟ್ಟುಹೋದದ್ದು ದೀನಾರು ದಿರ್‌ಹಮ್‌ಗಳನ್ನಲ್ಲ, ಜ್ಞಾನವನ್ನು.

ಆದರೆ ನಮ್ಮ ಮನೆಗಳಲ್ಲಿ ಈ ಪದ ಕಿರಿದಾಗಿದೆ. ಗಂಡು ಮಗು ಹುಟ್ಟಿದರೆ ‘ವಾರಸುದಾರ ಬಂದ’ ಎನ್ನುತ್ತೇವೆ. ಹಾಗಾದರೆ ಮಗಳು ಯಾರು?

ಸೂರಃ ಅನ್ನಿಸಾ (4:7) ಇದಕ್ಕೆ ಉತ್ತರ ಕೊಟ್ಟಿದೆ. ಹೆತ್ತವರೂ ಬಂಧುಗಳೂ ಬಿಟ್ಟುಹೋದುದರಲ್ಲಿ ಪುರುಷರಿಗೆ ಪಾಲಿದೆ, ಸ್ತ್ರೀಯರಿಗೂ ಪಾಲಿದೆ. ಸೊತ್ತು ಅಲ್ಪವಿರಲಿ, ಅಧಿಕವಿರಲಿ. ಅಲ್ಲಿ ಪಾಲಿಗೆ ಬಳಸಿರುವ ವಿಶೇಷಣ ‘ಮಫ್ರೂಝ್’. ಐದು ಹೊತ್ತಿನ ನಮಾಝನ್ನು ‘ಫರ್ಝ್’ ಎನ್ನುತ್ತೇವಲ್ಲ, ಅದೇ ಧಾತುವಿನ ಪದ. ಮಗಳ ಪಾಲು ಅಣ್ಣ ತಮ್ಮಂದಿರ ಔದಾರ್ಯವಲ್ಲ, ಅಲ್ಲಾಹನು ನಿಗದಿಪಡಿಸಿದ ಹಕ್ಕು.

ಸಅದ್ ಬಿನ್ ರಬೀಅ್(ರ) ಉಹುದ್ ಯುದ್ಧದಲ್ಲಿ ಹುತಾತ್ಮರಾದರು. ಅವರ ಸಹೋದರ ಅಂದಿನ ರೂಢಿಯಂತೆ ಸೊತ್ತೆಲ್ಲವನ್ನೂ ವಶಪಡಿಸಿಕೊಂಡರು. ಸಅದ್‌ರ ಪತ್ನಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು ದೂರಿಕೊಂಡರು. ಅನಂತರ ಮೀರಾಸ್‌ನ ಸೂಕ್ತ ಅವತೀರ್ಣವಾಯಿತು. ಪ್ರವಾದಿಯವರು(ಸ) ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುವಂತೆ ಆದೇಶಿಸಿದರು. ಸೊತ್ತನ್ನು 24 ಪಾಲು ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3, ಸಹೋದರನಿಗೆ 5. ಕೊನೆಗೆ ಉಳಿದದ್ದು ಮಾತ್ರ ಅವರದು.

ಇಂದು ನಮ್ಮಲ್ಲಿ ಏನಾಗುತ್ತಿದೆ? ‘ಮದುವೆಗೆ ಚಿನ್ನ ಹಾಕಿದ್ದೇವೆ, ಅವಳ ಪಾಲು ಮುಗಿಯಿತು’ ಎನ್ನುವವರಿದ್ದಾರೆ. ತಂದೆ ಬದುಕಿರುವಾಗ ಕೊಟ್ಟದ್ದು ಉಡುಗೊರೆ; ಮೀರಾಸ್‌ನ ಹಕ್ಕು ಹುಟ್ಟುವುದು ಮರಣದ ನಂತರ. ಬ್ಯಾಂಕಿನ ನಾಮಿನಿಯೇ ವಾರಿಸ್ ಎಂದು ತಿಳಿದವರೂ ಇದ್ದಾರೆ. ನಾಮಿನಿ ಹಣವನ್ನು ಪಡೆದುಕೊಳ್ಳುವವನು. ಹಂಚಬೇಕಾದದ್ದು ಎಲ್ಲ ವಾರೀಸುದಾರರಿಗೆ. ತವರು ತಪ್ಪಿಹೋದೀತೆಂಬ ಭಯದಿಂದ ತಂಗಿ ಹಾಕಿದ ಸಹಿಯನ್ನು ಮನಃಪೂರ್ವಕ ಒಪ್ಪಿಗೆ ಎನ್ನಲಾಗದು. ಮೊದಲು ಪಾಲನ್ನು ಅವಳ ಕೈಗೆ ಕೊಡಿ. ಬಳಿಕ ಇಟ್ಟುಕೊಳ್ಳುವುದೂ ಬಿಟ್ಟುಕೊಡುವುದೂ ಅವಳ ಇಷ್ಟ.

ಮನೆಯಲ್ಲಿ ಮರಣವಾದರೆ ದಫನದ ಖರ್ಚು, ಸಾಲ, ನಂತರ ಮೂರನೇ ಒಂದನ್ನು ಮೀರದ ವಸಿಯ್ಯತ್, ಇಷ್ಟನ್ನು ತೀರಿಸಿ, ತಡಮಾಡದೆ ಬಲ್ಲ ಆಲಿಮರನ್ನು ಕೂರಿಸಿ ಪಾಲು ಬರೆಸಿ. ಆ ಪಟ್ಟಿಯಲ್ಲಿ ತಾಯಿ, ಪತ್ನಿ, ಹೆಣ್ಣುಮಕ್ಕಳ ಹೆಸರುಗಳಿವೆಯೇ ಎಂದು ನೋಡಿ.

ಹಕ್ಕುದಾರರ ಹಕ್ಕನ್ನು ಸಂತೋಷದಿಂದ ಕೊಡುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.