ಪ್ರವಾಸೋದ್ಯಮದ ಸಂತೆ: ಹಗಲು ವ್ಯವಹಾರ, ಸಂಜೆ ಔತಣ



ರಜೆಗೆ ಕೇರಳ ನೋಡಿ ಬಂದ ಅರಬ್ ಮಿತ್ರರು ಕುವೈತ್‌ನಲ್ಲಿ ನಮಗೆಲ್ಲ ಸಿಗುತ್ತಾರೆ. ಹಂಪಿ ನೋಡಿದವರು ಅಪರೂಪ. ಇದಕ್ಕೊಂದು ಕಾರಣ 'ಟ್ರಾವೆಲ್ ಮಾರ್ಟ್', ಅಂದರೆ ಪ್ರವಾಸೋದ್ಯಮದ ಸಂತೆ. ಕೇರಳ ಇದನ್ನು 2000ದಲ್ಲೇ ಶುರು ಮಾಡಿ, ಎರಡು ವರ್ಷಕ್ಕೊಮ್ಮೆ ನಡೆಸುವ ರೂಢಿ ಇಟ್ಟುಕೊಂಡಿತು. ನಮ್ಮ 'ಕರ್ನಾಟಕ ಇಂಟರ್‌ನ್ಯಾಷನಲ್ ಟ್ರಾವೆಲ್ ಎಕ್ಸ್‌ಪೋ' ಬೆಂಗಳೂರಿನಲ್ಲಿ ಮೊದಲು ನಡೆದದ್ದು 2019ರಲ್ಲಿ. ನಡುವೆ ಕೋವಿಡ್ ಬಂತು. ಮುಂದಿನದು ನಡೆದದ್ದು 2025ರ ಫೆಬ್ರವರಿಯಲ್ಲಿ.

ಇಲ್ಲಿ ನಡೆಯುವುದೇನು? ಹೋಟೆಲ್, ರೆಸಾರ್ಟ್‌ನವರು ಮಾರುವವರು. ಹೊರಗಿನ ಟೂರ್ ಕಂಪನಿಗಳು ಕೊಳ್ಳುವವರು. ಯಾರು ಯಾರನ್ನು ಎಷ್ಟು ಗಂಟೆಗೆ ಕಾಣಬೇಕೆಂದು ಕಂಪ್ಯೂಟರಿನಲ್ಲಿ ಮುಂಚೆಯೇ ನಿಗದಿಯಾಗಿರುತ್ತದೆ. ಒಂದೊಂದು ಭೇಟಿಗೆ ಕೆಲವೇ ನಿಮಿಷ. ಅಷ್ಟರಲ್ಲಿ ದರ ಕೇಳಬಹುದು, ನಂಬಿಕೆ ಬೆಳೆಯದು. ಅದಕ್ಕೇ ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ, ಔತಣಕೂಟ, ಜೊತೆಗೆ ಕೊಳ್ಳುವವರಿಗೆ ಊರು ತೋರಿಸುವ ಪ್ರವಾಸ. ಕಣ್ಣಾರೆ ಕಂಡದ್ದನ್ನು ತಾನೇ ಅವರು ಗಿರಾಕಿಗಳಿಗೆ ಧೈರ್ಯವಾಗಿ ಹೇಳುವುದು?

ತೋರಿಸಲು ನಮ್ಮಲ್ಲಿ ಕೊರತೆಯಿಲ್ಲ. ಹಂಪಿ, ಪಟ್ಟದಕಲ್ಲಿನ ಜೊತೆ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳೂ ಯುನೆಸ್ಕೋ ಪಟ್ಟಿ ಸೇರಿವೆ. ಸಂತೆ ಮೂರು ದಿನದ್ದು; ವರ್ಷವಿಡೀ ಅರಬ್ಬರ ನಡುವೆ ಇರುವವರು ನಾವು. ದಿವಾನಿಯಾದಲ್ಲಿ ರಜೆಯ ಮಾತು ಬಂದಾಗ ಬೇಲೂರಿನ ಹೆಸರೂ ನಮ್ಮ ಬಾಯಲ್ಲಿ ಬರಲಿ.