ಅಪ್ಪ ಅಮ್ಮನ ಕೊಯಮತ್ತೂರು ಲೆಕ್ಕ

ಹತ್ತು ವರ್ಷದ ಹಿಂದೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಆನ್‌ಸೈಟ್, ಹೋಮ್ ಲೋನ್, ಮಕ್ಕಳ ಸ್ಕೂಲ್ ಅಡ್ಮಿಷನ್, ಇವೇ ಮಾತು. ಈಗಲೂ ಅದೇ ಮೇಜು, ಹೆಚ್ಚುಕಡಿಮೆ ಅದೇ ಜನ. ಮಾತು ಮಾತ್ರ ಅಪ್ಪನ ಶುಗರ್, ಅಮ್ಮನ ಮಂಡಿನೋವು, ಊರಲ್ಲಿ ಕೆಲಸದವಳು ಬಿಟ್ಟುಹೋದದ್ದು. ಚೆನ್ನೈನ ಓಎಂಆರ್ ರಸ್ತೆಯಲ್ಲಿ ದುಡಿಯುವ, ನಲವತ್ತರ ಹೊಸ್ತಿಲಲ್ಲಿರುವ ನಮ್ಮಂಥವರ ಪಾಡು ಇದು. ಪುಣೆ, ಹೈದರಾಬಾದ್, ಮುಂಬೈಯಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ಕಥೆಯೂ ಬೇರೆ ಇರಲಾರದು.

ಈ ಮಾತುಗಳ ನಡುವೆ ಒಂದು ಊರಿನ ಹೆಸರು ಪದೇ ಪದೇ ಬರುತ್ತದೆ: ಕೊಯಮತ್ತೂರು. "ನಮ್ಮ ಅತ್ತೆ ಮಾವ ಅಲ್ಲೇ ಇದ್ದಾರೆ, ಆರಾಮಾಗಿದ್ದಾರೆ" ಎಂದು ತಮಿಳು ಸಹೋದ್ಯೋಗಿಯೊಬ್ಬರು ಹೇಳಿದ್ದೇ ತಡ, ನಾನೂ ಒಂದು ಎಕ್ಸೆಲ್ ಹಾಳೆ ತೆರೆದೆ. ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ. ಕಳೆದ ಒಂದು ವರ್ಷದಲ್ಲಿ ಚೆನ್ನೈ ಮತ್ತು ಕೊಯಮತ್ತೂರು ಸೇರಿ ಐದು ಕಡೆ ನೋಡಿ ಬಂದೆ. ಎರಡು ಕಡೆಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ಅಪ್ಪನಿಗೆ 74, ಅರಸೀಕೆರೆಯಲ್ಲಿ ಹೈಸ್ಕೂಲು ಗಣಿತ ಮೇಷ್ಟ್ರಾಗಿ ನಿವೃತ್ತರು. ಅಮ್ಮನಿಗೆ 69. ಅಕ್ಕ ಮೆಲ್ಬರ್ನ್‌ನಲ್ಲಿ, ನಾನು ಶೋಲಿಂಗನಲ್ಲೂರಿನಲ್ಲಿ. ನಮ್ಮ ಮನೆಗೆ ಬಂದರೆ ಇಬ್ಬರೂ ಮೊದಲ ವಾರ ಮೊಮ್ಮಗಳ ಜೊತೆ ಖುಷಿಯಾಗಿರುತ್ತಾರೆ. ಮೂರನೆಯ ವಾರಕ್ಕೆ ಅಮ್ಮ ಹನ್ನೊಂದನೇ ಮಹಡಿಯ ಬಾಲ್ಕನಿಯಿಂದ ರಸ್ತೆ ನೋಡುತ್ತಾ, "ಇಲ್ಲಿ ಯಾರಿಗೂ ಯಾರೂ ಬೇಡ ಕಣೋ" ಅನ್ನುತ್ತಾಳೆ. ನಾವಿಬ್ಬರೂ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಅವಳು ಹೇಳುವುದರಲ್ಲಿ ತಪ್ಪೇನಿದೆ?

ವೃದ್ಧಾಶ್ರಮ ಅಲ್ಲ, ಹಾಗಾದರೆ ಏನು?

ನಮ್ಮಲ್ಲಿ 'ವೃದ್ಧಾಶ್ರಮ' ಅಂದರೆ ಮಕ್ಕಳು ಕೈಬಿಟ್ಟವರು ಎಂದೇ ಅರ್ಥ. ಚೆನ್ನೈನಲ್ಲಿ 1978ರಲ್ಲಿ ಸಾವಿತ್ರಿ ವೈತಿ ಅವರು ಆರಂಭಿಸಿದ 'ವಿಶ್ರಾಂತಿ' ಅಂಥ ದಿಕ್ಕಿಲ್ಲದ ಹಿರಿಯ ಹೆಂಗಸರಿಗಾಗಿಯೇ ಹುಟ್ಟಿದ್ದು. ಈಗ ನಾವು ಮಾತಾಡುತ್ತಿರುವುದು ಬೇರೆ: ದುಡ್ಡು ಕೊಟ್ಟು, ತಾವೇ ಆರಿಸಿಕೊಂಡು ಹೋಗುವ ಹಿರಿಯರ ಬಡಾವಣೆಗಳು. ಅಮೆರಿಕದ ಅರಿಜೋನಾದಲ್ಲಿ 1960ರ ಜನವರಿ 1ರಂದು ಡೆಲ್ ವೆಬ್ ಎಂಬ ಬಿಲ್ಡರ್ ತೆರೆದ ಸನ್ ಸಿಟಿ ಈ ಕಲ್ಪನೆಗೆ ದೊಡ್ಡ ಹೆಸರು ತಂದಿತು. ಅಲ್ಲಿ ಆಕರ್ಷಣೆ ಗಾಲ್ಫ್ ಮೈದಾನ. ನಮ್ಮಲ್ಲಿ ಆಕರ್ಷಣೆ ಅಡುಗೆಮನೆ ಮತ್ತು ನರ್ಸ್.

ಕೊಯಮತ್ತೂರೇ ಯಾಕೆ? ಪಾಲಕ್ಕಾಡ್ ಕಣಿವೆಯಿಂದ ಬೀಸುವ ಗಾಳಿ, ಸಿರುವಾಣಿ ನೀರು, ದೊಡ್ಡ ಆಸ್ಪತ್ರೆಗಳು, ವಿಮಾನ ನಿಲ್ದಾಣ, ಚೆನ್ನೈಗಿಂತ ಅಗ್ಗದ ಜಾಗ. ಕೋವೈಕೇರ್, ನಾನಾ ನಾನಿ ಮುಂತಾದವು ಅಲ್ಲಿ ಬೇರೂರಿವೆ. 2023ರ ಏಪ್ರಿಲ್‌ನಲ್ಲಿ ವಂದೇ ಭಾರತ್ ಶುರುವಾದ ಮೇಲೆ ಚೆನ್ನೈನಿಂದ ಸುಮಾರು ಆರು ಗಂಟೆಯ ದಾರಿ. ಚೆನ್ನೈ ಸುತ್ತಮುತ್ತಲೂ ಇಂಥವು ಎದ್ದಿವೆ. ಮರೈಮಲೈ ನಗರದಲ್ಲಿ ಆಶಿಯಾನಾ ಶುಭಂ ಇದೆ. ಬೆಂಗಳೂರಿನ ಕನಕಪುರ ರಸ್ತೆ ಕಡೆಗೆ ಹೋದರೆ ಸುವಿಧಾ, ಪ್ರೈಮಸ್. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಬಿಲ್ಡರುಗಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ.

ಲಾಭದ ಪಟ್ಟಿ

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯದು ನಿಜವಾಗಿಯೂ ಇದೆ.

ಹಾಸಿಗೆಯ ಪಕ್ಕ, ಬಚ್ಚಲಲ್ಲಿ ಕರೆಗಂಟೆ. ಜಾರದ ನೆಲ, ಹಿಡಿದುಕೊಳ್ಳಲು ಕಂಬಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು. ರಾತ್ರಿ ಎರಡಕ್ಕೆ ಎದೆನೋವು ಬಂದರೆ ಪಕ್ಕದ ಮನೆಯವರನ್ನು ಎಬ್ಬಿಸಲು ಸಂಕೋಚ ಪಡಬೇಕಿಲ್ಲ. ನಲ್ಲಿ ಸೋರಿದರೆ ಪ್ಲಂಬರ್‌ಗೆ ಹತ್ತು ಸಲ ಫೋನ್ ಮಾಡಬೇಕಿಲ್ಲ. ಅಪ್ಪನಿಗೆ ಚೆಸ್ ಆಡಲು ಜನ ಸಿಗುತ್ತಾರೆ. ಒಬ್ಬರು ಹೋದ ಮೇಲೆ ಉಳಿದವರು ದೊಡ್ಡ ಮನೆಯಲ್ಲಿ ಒಂಟಿಯಾಗುವುದಿಲ್ಲ.

ನಾನು ಎಣಿಸದೇ ಇದ್ದ ಲಾಭವನ್ನು ತೋರಿಸಿದ್ದು ಅಮ್ಮ. ಊಟದ ಹಾಲಿನಲ್ಲಿ ವಾರದ ತಿಂಡಿ ಪಟ್ಟಿ ತೂಗುಹಾಕಿದ್ದರು. ಅದನ್ನು ಕಣ್ಣು ಕಿರಿದು ಮಾಡಿ ಪೂರ್ತಿ ಓದಿದಳು. "ನಾಳೆ ಬೆಳಿಗ್ಗೆ ಏನು ಮಾಡಲಿ ಅಂತ ಐವತ್ತು ವರ್ಷದಿಂದ ರಾತ್ರಿ ಯೋಚನೆ ಮಾಡಿಕೊಂಡೇ ಮಲಗಿದೀನಿ" ಎಂದಳು. ನಿವೃತ್ತಿ ಅನ್ನುವುದು ನಮ್ಮ ಮನೆಯಲ್ಲಿ ಇಲ್ಲಿಯತನಕ ಆಗಿದ್ದು ಅಪ್ಪನಿಗೆ ಮಾತ್ರ.

ದುಡ್ಡಿನ ಲೆಕ್ಕ

ಇನ್ನು ಖರ್ಚು. ಒಳಗೆ ಹೋಗಲು ಸಾಮಾನ್ಯವಾಗಿ ಮೂರು ದಾರಿ: ಮನೆ ಕೊಂಡುಕೊಳ್ಳುವುದು, ಡಿಪಾಸಿಟ್ ಕಟ್ಟಿ ಬದುಕಿರುವವರೆಗೆ ಇರುವುದು, ಬಾಡಿಗೆಗೆ ಇರುವುದು. ತಮಿಳುನಾಡಿನಲ್ಲಿ ಕೊಂಡರೆ ಮುದ್ರಾಂಕ ಶುಲ್ಕ 7%, ನೋಂದಣಿ 2%. ಅಪ್ಪ ಅಮ್ಮನ ನಂತರ ಮನೆ ನಮ್ಮ ಹೆಸರಿಗೆ ಬರುತ್ತದೆ, ಆದರೆ ವಯಸ್ಸಿನ ಷರತ್ತು ಇರುವುದರಿಂದ ನಾವು ಅಲ್ಲಿ ವಾಸ ಮಾಡುವಂತಿಲ್ಲ. ಮಾರಲು ಹೋದರೆ ಕೊಳ್ಳುವವರೂ ಹಿರಿಯರೇ ಆಗಬೇಕು, ಎಷ್ಟೋ ಕಡೆ ವರ್ಗಾವಣೆ ಶುಲ್ಕವೂ ಉಂಟು.

ನಿಜವಾದ ಭಾರ ತಿಂಗಳ ಶುಲ್ಕದ್ದು. ಲೆಕ್ಕಕ್ಕೆ ಸುಲಭವಾಗಲೆಂದು ಇಬ್ಬರಿಗೆ ಊಟ, ನಿರ್ವಹಣೆ ಸೇರಿ 30,000 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 8% ಏರಿದರೆ ಒಂಬತ್ತು ವರ್ಷಕ್ಕೆ ಅದು ಎರಡರಷ್ಟು, ಹದಿನೈದು ವರ್ಷಕ್ಕೆ ಸುಮಾರು 95,000. ಈಗ ಆದಾಯದ ಕಡೆ ನೋಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು, 8.2% ಬಡ್ಡಿಯಲ್ಲಿ ಮೂರು ತಿಂಗಳಿಗೆ 61,500. ಇಬ್ಬರೂ ಪೂರ್ತಿ ಇಟ್ಟರೂ ತಿಂಗಳಿಗೆ 41,000. ಇಂದು ಧಾರಾಳ, ಹದಿನೈದು ವರ್ಷದ ನಂತರ ಅರ್ಧಕ್ಕೂ ಸಾಲದು. ಅಪ್ಪನ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ ನಿಜ, ಆದರೆ ಅವರ ನಂತರ ಅಮ್ಮನಿಗೆ ಬರುವ ಕುಟುಂಬ ಪಿಂಚಣಿ ಕಡಿಮೆ. ಇಬ್ಬರು ಒಬ್ಬರಾದಾಗ ಊಟದ ಖರ್ಚು ಅರ್ಧವಾಗುತ್ತದೆ, ನಿರ್ವಹಣೆ ಶುಲ್ಕ ಆಗುವುದಿಲ್ಲ.

ಜಿಎಸ್‌ಟಿಯನ್ನೂ ಮರೆಯಬೇಡಿ. ನಿವಾಸಿಗಳ ಸಂಘವೇ ನಿರ್ವಹಣೆ ಮಾಡಿದರೆ ತಿಂಗಳಿಗೆ 7,500ರವರೆಗೆ ವಿನಾಯಿತಿ ಉಂಟು. ಅದನ್ನು ದಾಟಿದರೆ ಹೆಚ್ಚಿನ ಭಾಗಕ್ಕೆ ಮಾತ್ರ ತೆರಿಗೆ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಕಂಪನಿಯೊಂದು ಸೇವೆ ಕೊಟ್ಟರೆ ಲೆಕ್ಕ ಬೇರೆ, ಬಿಲ್ಲಿನ ಕೆಳಗೆ 18% ಕಾಣಿಸುತ್ತದೆ. ಸೇವಾಸಂಸ್ಥೆ ಎಂದು ನೋಂದಾಯಿಸಿಕೊಂಡ ವೃದ್ಧಾಶ್ರಮಗಳಿಗೆ ತಿಂಗಳಿಗೆ 25,000ದವರೆಗೆ ವಿನಾಯಿತಿ 2018ರಿಂದ ಇದೆ. ನಾಚಿಕೆಪಡುವ ಹೆಸರಿಗೆ ತೆರಿಗೆ ಇಲ್ಲ, ಚೆಂದದ ಹೆಸರಿಗೆ ಇದೆ!

ಎಕ್ಸೆಲ್‌ನಲ್ಲಿ ಕೂರದವು

ಅರಸೀಕೆರೆಯಲ್ಲಿ ಅಪ್ಪ ತರಕಾರಿಗೆ ಹೋದರೆ ಮೂರು ಜನ "ನಮಸ್ಕಾರ ಮೇಷ್ಟ್ರೇ" ಅನ್ನುತ್ತಾರೆ. ಇಲ್ಲಿ ಅವರು ಬಿ ಬ್ಲಾಕಿನ ಅಂಕಲ್. ಸುತ್ತ ಇರುವವರೆಲ್ಲ ಎಪ್ಪತ್ತು ದಾಟಿದವರು. ಸೈಕಲ್ ಕಲಿಯುವ ಮಗುವಿಲ್ಲ, ಮದುವೆಗೆ ಓಡಾಡುವ ಹುಡುಗಿಯಿಲ್ಲ. ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬಂದರೆ ಇಷ್ಟೇ ದಿನ ಎಂಬ ನಿಯಮ. ನೋಟಿಸ್ ಬೋರ್ಡಿನಲ್ಲಿ ಯೋಗ ತರಗತಿಯ ಪಕ್ಕದಲ್ಲೇ ತೀರಿಕೊಂಡವರ ಫೋಟೋ.

"ಗೌರಿ ಹಬ್ಬಕ್ಕೆ ಬಾಗಿನ ಯಾರಿಗೆ ಕೊಡಲಿ?" ಎಂದು ಅಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನವರಾತ್ರಿಗೆ ಅಲ್ಲಿ ಗೊಂಬೆ ಕೂರಿಸುತ್ತಾರೆ, ಕಚೇರಿ ಇರುತ್ತದೆ, ಎಲ್ಲವೂ ಸೊಗಸು. ಆದರೆ ಅದು ಬಹುಪಾಲು ತಮಿಳರ ಸೊಗಸು. ಸಮಾಧಾನವೂ ಸಿಕ್ಕಿತೆನ್ನಿ. ಕೊಯಮತ್ತೂರು ಭಾಗದಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗರು, ಒಕ್ಕಲಿಗರು ತಲೆಮಾರುಗಳಿಂದ ಇದ್ದಾರೆ. ನಮ್ಮ ಕೊಳ್ಳೇಗಾಲವೇ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಡಿಸುತ್ತಿದ್ದ ಹೆಂಗಸು ಅಮ್ಮನ ಮಾತು ಕೇಳಿ ತನ್ನ ಮನೆಮಾತಿನಲ್ಲೇ "ಇನ್ನೊಸಿ ಹಾಕ್ಲಾ?" ಅಂದಾಗ ಅಮ್ಮ ಅರ್ಧ ಗಂಟೆ ಎದ್ದು ಬರಲಿಲ್ಲ.

ಮೂರು ವಯಸ್ಸುಗಳು

ಐದು ಕಡೆ ನೋಡಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು. ಮುಪ್ಪು ಒಂದಲ್ಲ, ಮೂರು. ಓಡಾಡಿಕೊಂಡಿರುವ ಮುಪ್ಪು, ಸ್ನಾನಕ್ಕೆ ಮಾತ್ರೆಗೆ ಒಂದು ಕೈ ಬೇಕಾಗುವ ಮುಪ್ಪು, ಹಾಸಿಗೆ ಹಿಡಿದ ಅಥವಾ ಮರೆವು ಕವಿದ ಮುಪ್ಪು. ಬ್ರೋಷರಿನ ಫೋಟೋಗಳೆಲ್ಲ ಮೊದಲನೆಯದರದು. ಲಾಭದ ಪಟ್ಟಿಯೂ ಬಹುಪಾಲು ಅದರದೇ. ನಾವು ಮಕ್ಕಳು ಹೆದರುವುದು ಮಾತ್ರ ಮೂರನೆಯದಕ್ಕೆ.

ಒಂದು ಕಡೆಯ ಕರಾರು ಪತ್ರವನ್ನು ರಾತ್ರಿ ಕೂತು ಓದಿದೆ. ಹದಿನೇಳನೇ ಪುಟದಲ್ಲಿತ್ತು: ನಿವಾಸಿಗೆ ನಿರಂತರ ಶುಶ್ರೂಷೆ ಬೇಕಾದಲ್ಲಿ ಅಥವಾ ಮರೆವಿನ ಕಾಯಿಲೆಯಿಂದ ಇತರರಿಗೆ ತೊಂದರೆಯಾದಲ್ಲಿ ಕುಟುಂಬದವರು ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಅಂದರೆ ಊರಿನ ಮನೆ ಮಾರಿ, ದುಡ್ಡು ಸುರಿದು, ಕೊನೆಗೆ ಯಾವ ದಿನಕ್ಕಾಗಿ ಇದೆಲ್ಲ ಮಾಡಿದೆವೋ ಆ ದಿನವೇ ಹೊರಗೆ ಬರಬೇಕು. ಎಲ್ಲ ಕಡೆ ಹೀಗಿಲ್ಲ. ಶುಶ್ರೂಷೆಗೆಂದೇ ಪ್ರತ್ಯೇಕ ವಿಭಾಗ ಇಟ್ಟವರೂ ಇದ್ದಾರೆ, ಅದಕ್ಕೆ ಶುಲ್ಕ ಬೇರೆ. ಚೆನ್ನೈನಲ್ಲಿ ಸ್ಕಾರ್ಫ್, ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗಾಗಿಯೂ ಕೆಲಸ ಮಾಡುತ್ತಿವೆ. ಆದರೆ ಕೇಳದೆ ಯಾರೂ ಹೇಳುವುದಿಲ್ಲ.

ಭಾಷೆಯ ಪ್ರಶ್ನೆಯೂ ಈ ಹಂತದಲ್ಲೇ ಕಠಿಣವಾಗುವುದು. ಮೊದಲ ಹಂತದಲ್ಲಿ ಅಪ್ಪನ ಇಂಗ್ಲಿಷ್, ಅಮ್ಮನ ಮುರುಕು ತಮಿಳು ಸಾಕು. ಮರೆವು ಬಂದ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗಿ ತಾಯಿಮಾತು ಕೊನೆಯಲ್ಲಿ ಉಳಿಯುತ್ತದೆ. ಬಾಯಾರಿಕೆ, ನೋವು, ಭಯ ಎಲ್ಲವನ್ನೂ ಆಗ ಕನ್ನಡದಲ್ಲೇ ಹೇಳಬೇಕು. ಅದನ್ನು ಕೇಳುವ ನರ್ಸ್‌ಗೆ ಕನ್ನಡ ಬರಬೇಕಲ್ಲ? ಹೊರನಾಡಿನಲ್ಲಿರುವ ನಾವು ಈ ಖರ್ಚನ್ನು ಯಾವ ಕಾಲಮ್ಮಿನಲ್ಲೂ ಬರೆಯುವುದಿಲ್ಲ.

ಕಾನೂನು ನೆರವಿಗೆ ಬರುತ್ತದೆಯೇ? ಅರ್ಧ. ರೇರಾ ಕಾಯ್ದೆ ಪ್ರಕಾರ ಕಟ್ಟಡದ ರಚನೆಯ ದೋಷಕ್ಕೆ ಬಿಲ್ಡರ್ ಐದು ವರ್ಷ ಹೊಣೆ. ಸಾರು ಕೆಟ್ಟರೆ, ನರ್ಸ್ ಬಿಟ್ಟುಹೋದರೆ ಅದು ಕೈಹಿಡಿಯುವುದಿಲ್ಲ. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ತಂದಿತು. ಬಿಲ್ಡರ್, ಸೇವೆ ಕೊಡುವ ಸಂಸ್ಥೆ, ಮನೆ ಪಡೆದವರು, ಈ ಮೂವರ ನಡುವೆ ಒಂದೇ ಕರಾರು ಇರಲಿ ಎನ್ನುವುದು ಅದರ ಒಳ್ಳೆಯ ಸಲಹೆ. ಆದರೆ ಮಾದರಿ ಎಂದರೆ ಮಾದರಿಯೇ, ರಾಜ್ಯಗಳು ಒಪ್ಪಿ ಜಾರಿಗೆ ತರಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇದು: ಒಳಗೆ ಹೋಗುವ ಬಾಗಿಲನ್ನು ಅವರೇ ಚೆನ್ನಾಗಿ ತೋರಿಸುತ್ತಾರೆ, ಹೊರಗೆ ಬರುವ ಬಾಗಿಲನ್ನು ನಾವೇ ಹುಡುಕಬೇಕು. ನೋಡಲು ಹೋದಾಗ ಇಷ್ಟನ್ನಾದರೂ ಕೇಳಿ. ಹಾಸಿಗೆ ಹಿಡಿದರೆ ಇಲ್ಲೇ ಇರಬಹುದೇ, ಎಷ್ಟು ಖರ್ಚು? ಒಬ್ಬರೇ ಉಳಿದರೆ ಶುಲ್ಕ ಎಷ್ಟು? ಕಳೆದ ಐದು ವರ್ಷದಲ್ಲಿ ಶುಲ್ಕ ಎಷ್ಟು ಏರಿದೆ, ಬಿಲ್ಲು ತೋರಿಸುತ್ತೀರಾ? ಬೇಡವೆಂದು ಹೊರಟರೆ ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್? ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸ್‌ಗಳು, ಯಾವ ಭಾಷೆ ಬರುತ್ತದೆ? ಚೆನ್ನೈನಲ್ಲಾದರೆ ಇನ್ನೊಂದು: 2015ರ ಡಿಸೆಂಬರಿನಲ್ಲಿ, 2023ರ ಮಿಚಾಂಗ್ ಚಂಡಮಾರುತದಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಕರೆಂಟು ಎಷ್ಟು ದಿನ ಇರಲಿಲ್ಲ? ಉತ್ತರವನ್ನು ಮ್ಯಾನೇಜರ್ ಹತ್ತಿರ ಕೇಳಿ, ಆಮೇಲೆ ಬೆಂಚಿನ ಮೇಲೆ ಕೂತ ಅಜ್ಜಿಯ ಹತ್ತಿರವೂ ಕೇಳಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮನೆ ಬಿಟ್ಟೂ ನೋಡಬೇಕಾದ ಕಾಲ ಬಂದಿದೆ, ಆದರೆ ಮಾರಿ ಅಲ್ಲ, ಬಿಟ್ಟು. ಕೈಕಾಲು ಗಟ್ಟಿಯಿರುವಾಗ, ನಿರ್ಧಾರ ಅವರದ್ದೇ ಆಗಿರುವಾಗ, ಬಾಡಿಗೆಗೆ ಇದ್ದು ನೋಡುವುದು. ಎಂಬತ್ತೈದರಲ್ಲಿ ಆಸ್ಪತ್ರೆಯಿಂದ ನೇರ ಕರೆದೊಯ್ದರೆ ಅದು ಅವರ ಆಯ್ಕೆಯಲ್ಲ, ನಮ್ಮ ಅನುಕೂಲ.

ನಮ್ಮ ಮನೆಯಲ್ಲಿ ಆದ ತೀರ್ಮಾನವೂ ಅಷ್ಟೇ. ಬರುವ ಸಂಕ್ರಾಂತಿ ಮುಗಿಸಿಕೊಂಡು ಕೊಯಮತ್ತೂರಿಗೆ ಹೋಗಿ, ಯುಗಾದಿಗೆ ಅರಸೀಕೆರೆಗೆ ವಾಪಸ್. ಹಿಡಿಸಿದರೆ ಮುಂದಿನದು. ಮನೆ ಮಾರುವ ಮಾತು ಈಗ ಎತ್ತಬಾರದು ಎನ್ನುವುದು ಅಪ್ಪನ ಷರತ್ತು. ಅಮ್ಮನ ಷರತ್ತು ಇನ್ನೂ ಚಿಕ್ಕದು: ರೂಮಿನಲ್ಲಿ ಒಂದು ಒಲೆ ಇದೆಯಾ, ಕೇಳು ಅಂದಳು. ಯಾಕಮ್ಮ, ಊಟ ಅವರೇ ಕೊಡ್ತಾರಲ್ಲ ಅಂದೆ. "ಕೊಡಲಿ. ಬೇಡ ಅನಿಸಿದ ದಿನ ನಾನೇ ಒಂದು ಸಾರು ಮಾಡ್ಕೋಬೇಕಲ್ಲ" ಅಂದಳು. ಫೋನ್ ಮಾಡಿ ಕೇಳಿದೆ. ಇಂಡಕ್ಷನ್ ಒಲೆ ಇದೆಯಂತೆ.